ಕಿಗಾಲಿ ವಿಶ್ವ ಚಾಂಪಿಯನ್‌ಶಿಪ್ ನೋಡಿದ ಮ್ಯಾಲ: ಕಲಬುರಗಿಯೊಳಗ ಟೈಮ್ ಟ್ರಯಲ್, ಬೀದರದಾಗ ರೋಡ್ ರೇಸ್ ಇಡಬೇಕಾದ್ರ ಏನೇನು ಬೇಕು?

ಫರಸಿಕಲ್ಲು, ಶಹಾಬಾದ್

ಎಲ್ಲಾರಿಗೂ ಶರಣಾರ್ಥಿ. ಡಿಸೆಂಬರ್‌ದಾಗ ಕಲಬುರಗಿ ಹತ್ರ 20 ಕಿ.ಮೀ. ಸೈಕಲ್ ಟೈಮ್ ಟ್ರಯಲ್ (ಒಬ್ಬೊಬ್ಬರೇ ಹೊರಟು ಗಡಿಯಾರದ ವಿರುದ್ಧ ಓಡಿಸೋದು), ಮರುವಾರ ಬೀದರ್ ಕಡಿ ಸುತ್ತಿನ ರೋಡ್ ರೇಸ್ (ಎಲ್ಲಾರೂ ಒಟ್ಟಿಗೆ ಹೊರಡೋದು) ಇಡೋ ವಿಚಾರ ನಡದದ. 14ರಿಂದ 18 ವರ್ಷದ ಹುಡುಗ, ಹುಡುಗಿಯರು ಕೂಡಿ 40 ಮಂದಿ ಆಗಬಹುದು. ಅರ್ಧ ಮಂದಿ ಹತ್ರ ಗೇರಿನ ಸೈಕಲ್, ಉಳಿದವ್ರದು ಸಾದಾ ಸೈಕಲ್. 2025ರ ಸೆಪ್ಟೆಂಬರ್‌ದಾಗ ರುವಾಂಡಾದ ಕಿಗಾಲಿಯೊಳಗ ನಡೆದ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ವಿಶ್ವ ಚಾಂಪಿಯನ್‌ಶಿಪ್ ನೋಡಿದಾಗಿನಿಂದ ಹುಡುಗರಿಗೆ ಭಾಳ ಹುರುಪು. ಅಲ್ಲಿನ ನಿಯಮದಾಗ ಯಾವುದು ಇಲ್ಲಿ ಹಂಗೇ ತಗೋಬೇಕು, ಯಾವುದು ನಮ್ಮ ರಸ್ತಿಗೆ ನಡಿಯಂಗಿಲ್ಲ? ವೇಳೆ ಹಿಡಿಯೋದು, ರಸ್ತೆ ಆರಿಸೋದು, ಪಂಕ್ಚರ್, ನೀರು, ಎಲ್ಲಾ ಬಿಡಿಸಿ ಬರೀರಿ.

ಬಹಮನಿ ಗಾಲಿ, ಬೀದರ್

ಎರಡೂ ಸ್ಪರ್ಧೆಯ ಗುಣವೇ ಬೇರೆ ಎಂಬುದನ್ನು ಮೊದಲು ಹುಡುಗರಿಗೆ ತಿಳಿಸಿ. ಟೈಮ್ ಟ್ರಯಲ್‌ನಲ್ಲಿ ಸವಾರ ಒಬ್ಬಂಟಿ, ಗಾಳಿ ಪೂರ್ತಿ ಅವನ ಮೈಮೇಲೆ. ರೋಡ್ ರೇಸ್‌ನಲ್ಲಿ ಮುಂದಿನವರ ಮರೆಯಲ್ಲಿ ಕೂತು ಎಷ್ಟು ಶಕ್ತಿ ಉಳಿಸಿದಿರಿ ಎಂಬುದು ಕೊನೆಯ ಸುತ್ತುಗಳಲ್ಲಿ ಲೆಕ್ಕಕ್ಕೆ ಬರುತ್ತದೆ.

ಕಿಗಾಲಿಯಲ್ಲಿ ಪುರುಷರ ಟೈಮ್ ಟ್ರಯಲ್ 40.6 ಕಿ.ಮೀ. ಇತ್ತು. ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಅದನ್ನು 49 ನಿಮಿಷ 46 ಸೆಕೆಂಡಿನಲ್ಲಿ ಮುಗಿಸಿದರು. ಸರಾಸರಿ ಗಂಟೆಗೆ ಸುಮಾರು 49 ಕಿ.ಮೀ. ತಮಗಿಂತ ಎರಡೂವರೆ ನಿಮಿಷ ಮೊದಲು ಹೊರಟಿದ್ದ ಸ್ಲೊವೇನಿಯಾದ ತಾಡೆ ಪೊಗಾಚಾರ್ ಅವರನ್ನು ದಾರಿಯಲ್ಲೇ ದಾಟಿದರು. ಅದೇ ಪೊಗಾಚಾರ್ ಒಂದು ವಾರದ ನಂತರ 267.5 ಕಿ.ಮೀ. ರೋಡ್ ರೇಸ್ ಗೆದ್ದರು, ಎವೆನೆಪೂಲ್ ಎರಡನೆಯವರಾದರು. ಸುಮಾರು 5,475 ಮೀಟರ್ ಏರು, 15 ಕಿ.ಮೀ. ಚಿಲ್ಲರೆ ಉದ್ದದ ಸುತ್ತು 15 ಸಲ, ನಡುವೆ ಒಂದು ದೊಡ್ಡ ಸುತ್ತು. ಆ ದೊಡ್ಡ ಸುತ್ತಿನ ಮಾಂಟ್ ಕಿಗಾಲಿ ಏರಿನಲ್ಲಿ, ಇನ್ನೂ 100 ಕಿ.ಮೀ.ಗಿಂತ ಹೆಚ್ಚು ಉಳಿದಿರುವಾಗಲೇ ಪೊಗಾಚಾರ್ ಗುಂಪು ಬಿಟ್ಟು ಮುಂದೆ ಹೋದರು. 165 ಮಂದಿ ಹೊರಟು ಗುರಿ ಮುಟ್ಟಿದ್ದು 30 ಮಂದಿ.

ಅಷ್ಟು ಜನ ಉದುರಲು ಒಂದೇ ದೊಡ್ಡ ಏರು ಕಾರಣವಲ್ಲ. ಪ್ರತಿ ಸುತ್ತಿನಲ್ಲೂ ಕಿಮಿಹುರುರಾ ಎಂಬ ಕಲ್ಲುಹಾಸಿನ ಏರು, 1.3 ಕಿ.ಮೀ., ನೂರು ಮೀಟರಿಗೆ ಸರಾಸರಿ 6 ಮೀಟರಿಗಿಂತ ಹೆಚ್ಚು ಏರುವಂಥದ್ದು. ಗುಂಪಿನ ಹಿಂದೆ ಇದ್ದವರು ಏರಿನ ಬುಡದಲ್ಲಿ ನಿಧಾನಿಸಿ, ನೆತ್ತಿ ದಾಟಿದ ಮೇಲೆ ಅಂತರ ಮುಚ್ಚಲು ಮತ್ತೆ ಜಿಗಿಯಬೇಕು. ಇದು ಹದಿನೈದು ಸಲ ಆದರೆ ಕಾಲು ಖಾಲಿ. ಮೇಲೆ ಊರು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ. ಬೀದರ್ 600 ಮೀಟರ್ ಆಸುಪಾಸು, ಹಾಗಾಗಿ ನಮಗೆ ಎತ್ತರದ ತೊಂದರೆ ಇಲ್ಲ. ಸುತ್ತಿನ ತೊಂದರೆ ಮಾತ್ರ ಹಾಗೇ ಇರುತ್ತದೆ: ಸಣ್ಣ ಸುತ್ತು, ಒಂದು ಏರು, ಎರಡು ಬಿಗಿ ತಿರುವು ಇದ್ದರೂ ಸಾಕು, ಹಿಂದೆ ಕೂತವರು ಸೋಲುತ್ತಾರೆ.

ಗಡಿಯಾರದ ಮುಳ್ಳು, ಕಲಬುರಗಿ

ಟೈಮ್ ಟ್ರಯಲ್‌ದಾಗ ಹೆಚ್ಚು ಜಗಳ ಆಗೋದು ವೇಳೆ ಹಿಡಿಯೋ ಕಡಿಯಿಂದ. ಅದಕ್ಕ ಅದರ ಪದ್ಧತಿ ಪೂರ್ತಿ ಬರೀತೀನಿ.

ಪ್ರತಿ ಸವಾರನಿಗೂ ಬ್ಯಾರೆ ಬ್ಯಾರೆ ಸ್ಟಾಪ್‌ವಾಚ್ ಒತ್ತಬ್ಯಾಡ್ರಿ. ಒಂದು ಒತ್ತೋದು ತಪ್ಪಿದ್ರ ಆ ಹುಡುಗನ ವೇಳೆ ಹೋಯ್ತು, ತಿರುಗಿ ಸಿಗಂಗಿಲ್ಲ. ಎರಡು ಫೋನ್ ಗಡಿಯಾರ ಸೆಕೆಂಡಿಗೆ ಸರಿ ಹೊಂದಿಸ್ರಿ, ಒಂದು ಹೊರಡೋ ಗೆರಿಗೆ, ಒಂದು ಮುಗಿಯೋ ಗೆರಿಗೆ. ಅವು ಓಡ್ತಾನೇ ಇರಬೇಕು. ಡಿಸೆಂಬರ್‌ದಾಗ ನಮ್ಮಲ್ಲಿ ಸೂರ್ಯ ಹುಟ್ಟೋದೇ 6:40ರ ಆಸುಪಾಸು, ಅದಕ್ಕ ಮೊದಲನೆಯವರು 7:01ಕ್ಕ ಹೊರಡಲಿ. ಸವಾರನ ನಂಬರ್ 1 ಅಂದ್ರ 7:01:00, ನಂಬರ್ 2 ಅಂದ್ರ 7:02:00, ನಂಬರ್ 17 ಅಂದ್ರ 7:17:00. ಮುಗಿದ ವೇಳೆದಾಗ ನಂಬರಿನಷ್ಟು ನಿಮಿಷ ಕಳದ್ರ ಆಯ್ತು. ನಂಬರ್ 17 ಬಂದದ್ದು 7:50:24ಕ್ಕ ಅಂದ್ರ ಅವನ ವೇಳೆ 33 ನಿಮಿಷ 24 ಸೆಕೆಂಡ್. ಯಾರಾದ್ರೂ ಬರದಿದ್ರ ಅವರ ನಿಮಿಷ ಖಾಲಿ ಬಿಡ್ರಿ, ಹಿಂದಿನವರನ್ನ ಮುಂದ ತಳ್ಳಬ್ಯಾಡ್ರಿ. ತಳ್ಳಿದ್ರ ಇಡೀ ಪಟ್ಟಿ ಕೆಡ್ತದ.

ತಡವಾಗಿ ಬಂದವರ ವೇಳೆ ಅವರಿಗೆ ಕೊಟ್ಟ ನಿಮಿಷದಿಂದಲೇ ಓಡ್ತದ. ವಿಶ್ವ ಚಾಂಪಿಯನ್‌ಶಿಪ್‌ದಾಗೂ ಇದೇ ನಿಯಮ. ಕರುಣೆ ತೋರ್ಸಿ ಒಬ್ಬರಿಗೆ ಬಿಟ್ರ ಉಳಿದ 39 ಮಂದಿಗೆ ಅನ್ಯಾಯ.

ಹೊರಡೋ ಗೆರಿ ಮ್ಯಾಲ ಒಬ್ಬರು ಸೀಟು ಹಿಡಿದು ನಿಲ್ಲಬೇಕು, ದೂಡಬಾರದು. 10 ಸೆಕೆಂಡ್ ಉಳಿದಾಗ ಒಮ್ಮೆ ಹೇಳಿ, ಆಮ್ಯಾಲ ಐದರಿಂದ ಕೈಬೆರಳು ಮಡಚುತ್ತಾ ಎಣಿಸಬೇಕು. ಗದ್ದಲದಾಗ ಧ್ವನಿ ಕೇಳ್ಸಂಗಿಲ್ಲ, ಬೆರಳು ಕಾಣಿಸ್ತದ.

ಮುಗಿಯೋ ಗೆರಿಗೆ ಮೂರು ಮಂದಿ: ಒಬ್ಬರು 200 ಮೀಟರ್ ಹಿಂದಿನಿಂದ ನಂಬರ್ ಕೂಗೋದು, ಒಬ್ಬರು ಮುಂದಿನ ಗಾಲಿ ಗೆರೆ ಮುಟ್ಟಿದಾಗ ವೇಳೆ ಓದೋದು, ಒಬ್ಬರು ಬರಿಯೋದು. ಗಡಿಯಾರವೂ ಗೆರೆಯೂ ಒಂದೇ ಚೌಕಟ್ಟಿನಾಗ ಬರೋ ಹಂಗ ಇನ್ನೊಂದು ಫೋನ್ ವಿಡಿಯೊ ಮಾಡ್ತಿರಲಿ. ನಂಬರ್ ಎದಿ ಮ್ಯಾಲ ಬ್ಯಾಡ, ಬೆನ್ನಿನ ಕೆಳಗ ಹಚ್ಚ್ರಿ. ಸವಾರ ಬಗ್ಗಿದಾಗ ಎದಿ ಮ್ಯಾಲಿಂದು ಕಾಣಂಗಿಲ್ಲ. ಕೂಗಾವ ರಸ್ತೆ ಬದಿ ನಿಂತು, ಸವಾರ ದಾಟಿದ ಕೂಡ್ಲೇ ಬೆನ್ನು ನೋಡಿ ಕೂಗಬೇಕು.

ಭೀಮಾ ದಂಡಿ, ಯಾದಗಿರಿ

ಮುಳ್ಳು ಸರ್, ಒಂದು ಸಂದೇಹ. ಸಾದಾ ಸೈಕಲ್ ಮತ್ತು ಗೇರಿನ ಸೈಕಲ್ ಒಂದೇ ಪಟ್ಟಿಯಲ್ಲಿ ಬಿಟ್ಟರೆ ಒಬ್ಬರನ್ನೊಬ್ಬರು ದಾಟುವುದು ತುಂಬಾ ಆಗುವುದಿಲ್ಲವೇ? ದಾಟಿದಾಗ ಹಿಂದೆ ಕಚ್ಚಿಕೊಂಡು ಬಂದರೆ ಅದು ಟೈಮ್ ಟ್ರಯಲ್ ಹೇಗಾಗುತ್ತದೆ?

ಗಡಿಯಾರದ ಮುಳ್ಳು, ಕಲಬುರಗಿ

ಖರೇ ಅದ. ಗೇರಿನವ 36ರ ವೇಗದಾಗ 20 ಕಿ.ಮೀ.ಗೆ 33 ನಿಮಿಷ ತಗೊಂಡ್ರ, ಸಾದಾ ಸೈಕಲ್ ಮ್ಯಾಲ 26ರಾಗ ಹೋಗಾವ 46 ನಿಮಿಷ ತಗೋತಾನ. 13 ನಿಮಿಷದ ಫರಕು. ಸಾದಾದವರನ್ನ ಮೊದಲು ಬಿಟ್ರ ದಾರಿ ತುಂಬಾ ದಾಟೋದೇ ದಾಟೋದು. ಅದಕ್ಕ ಗೇರಿನವರನ್ನ ಮೊದಲು ಬಿಡ್ರಿ, ಅವರೆಲ್ಲಾ ಹೊರಟು ಮುಗಿದ ಮ್ಯಾಲ ಸಾದಾದವರನ್ನ. ಗೇರಿನವರೊಳಗ ನಿಧಾನ ಇದ್ದವರು ಮುಂದ, ಜೋರಿದ್ದವರು ಹಿಂದ. ವಿಶ್ವ ಚಾಂಪಿಯನ್‌ಶಿಪ್‌ದಾಗ ಹಿಂದಿನ ವರ್ಷ ಗೆದ್ದವರು ಕಡೀಕ ಹೊರಡೋದು ಇದೇ ಲೆಕ್ಕದ ಮ್ಯಾಲ.

ದಾಟೋ ನಿಯಮ: ಯುಸಿಐ ಪ್ರಕಾರ ದಾಟುವಾಗ ಪಕ್ಕಕ್ಕ ಕನಿಷ್ಠ 2 ಮೀಟರ್ ಬಿಡಬೇಕು. ದಾಟಿ 1 ಕಿ.ಮೀ. ಆದ ಮ್ಯಾಲ ಹಿಂದ ಬಿದ್ದವರು ಕನಿಷ್ಠ 25 ಮೀಟರ್ ದೂರ ಇರಬೇಕು. ನಮ್ಮ ರಸ್ತೆ 7 ಮೀಟರ್ ಅಗಲ, ಎದುರಿಂದ ಬೈಕ್ ಬರ್ತಿರ್ತಾವ. 2 ಮೀಟರ್ ಬಿಡ್ತೀನಂತ ನಡು ಗೆರೆ ದಾಟಬಾರದು. ಆ ನಿಯಮ ಬದಲಿಸಿ, ದಾಟಿಸಿಕೊಂಡವ ಎಡಕ್ಕ ಸರಿದು 10 ಸೆಕೆಂಡ್ ಪೆಡಲ್ ಸಡಿಲ ಬಿಡಬೇಕು ಅಂತ ಮಾಡ್ರಿ. 25 ಮೀಟರ್ ನಿಯಮ ಮಾತ್ರ ಬಿಡಬ್ಯಾಡ್ರಿ. ಬೈಕ್ ಮ್ಯಾಲಿನ ನಿರೀಕ್ಷಕರಿಗೆ ಅಂದಾಜು ಸಿಗಲಿಕ್ಕ ಮೊದಲೇ ರಸ್ತಿ ಮ್ಯಾಲ ಎರಡು ಕಡಿ 25 ಮೀಟರ್ ಸುಣ್ಣದ ಗೆರೆ ಹಾಕಿ ತೋರಿಸ್ರಿ.

ಮೂಡಗಾಳಿ, ಸೇಡಂ

ರಸ್ತೆಯ ವಿಷಯ. ಸೇಡಂ ರಸ್ತೆ ಯಾರ ತಲೆಯಲ್ಲಾದರೂ ಇದ್ದರೆ ಬಿಟ್ಟುಬಿಡಿ, ಸಿಮೆಂಟ್ ಲಾರಿಗಳ ಸಾಲು ಬೆಳಿಗ್ಗೆಯಿಂದಲೇ ಇರುತ್ತದೆ. ಹುಮನಾಬಾದ್ ಕಡೆಯ ರಾಷ್ಟ್ರೀಯ ಹೆದ್ದಾರಿಯೂ ಬೇಡ. ನಡುವೆ ಒಂದೇ ಊರು ಬರುವ ಒಳರಸ್ತೆ ಹುಡುಕಿ; ಪ್ರತಿ ಊರಿಗೂ ಎರಡೆರಡು ಹಂಪ್ಸ್ ಇರುತ್ತವೆ, ಟೈಮ್ ಟ್ರಯಲ್‌ನಲ್ಲಿ ಅವೇ ಬೀಳುವ ಜಾಗ.

ಹತ್ತು ಕಿ.ಮೀ. ಹೋಗಿ ಹತ್ತು ಬರುವ ದಾರಿಯಲ್ಲಿ ಹೋಗುವಾಗಿನ ಎದುರುಗಾಳಿ ಬರುವಾಗ ಸರಿಹೋಗುತ್ತದೆ ಎಂದು ಹುಡುಗರು ನಂಬುತ್ತಾರೆ. ಲೆಕ್ಕ ಹಾಗಿಲ್ಲ. ಗಾಳಿಯಿಲ್ಲದೆ 40ರ ವೇಗದಲ್ಲಿ 30 ನಿಮಿಷ. ಎದುರುಗಾಳಿಗೆ 32, ಹಿಂಗಾಳಿಗೆ 46 ಬಂದರೆ 18 ನಿಮಿಷ 45 ಸೆಕೆಂಡ್ ಮತ್ತು 13 ನಿಮಿಷ ಸೇರಿ ಸುಮಾರು 31 ನಿಮಿಷ 45 ಸೆಕೆಂಡ್. ಹೆಚ್ಚು ಹೊತ್ತು ಕಳೆಯುವುದು ಎದುರುಗಾಳಿಯಲ್ಲೇ, ಹಾಗಾಗಿ ಬಲ ತುಸು ಹೆಚ್ಚು ಹಾಕಬೇಕಾದ್ದೂ ಅಲ್ಲಿಯೇ. ತುಸು ಎಂದರೆ ನೂರಕ್ಕೆ ಐದು. ಡಿಸೆಂಬರ್ ಬೆಳಿಗ್ಗೆ ಸಾಮಾನ್ಯವಾಗಿ ಮೂಡಗಾಳಿ. ಪೂರ್ವಕ್ಕೆ ಹೋಗಿ ಪಶ್ಚಿಮಕ್ಕೆ ಮರಳುವ ದಾರಿ ಸಿಕ್ಕರೆ ಹೊಸಬರಿಗೆ ಅನುಕೂಲ, ದಣಿದಾಗ ಹಿಂಗಾಳಿ ಸಿಗುತ್ತದೆ.

ಹೊಸಬರು ಕೆಡುವುದು ಮೊದಲ ಎರಡು ನಿಮಿಷದಲ್ಲಿ. ಗೆರೆ ಬಿಟ್ಟ ಜೋಶ್‌ನಲ್ಲಿ ಪೂರ್ತಿ ಒತ್ತಿ, ಐದನೇ ಕಿ.ಮೀ.ಗೆ ಉಸಿರು ಕಟ್ಟುತ್ತದೆ. ಮೊದಲ 3 ನಿಮಿಷ ‘ಇದು ಸುಲಭ’ ಅನ್ನಿಸಬೇಕು. ಪವರ್ ಮೀಟರ್ (ಪೆಡಲ್ ಮೇಲಿನ ಬಲ ಅಳೆಯುವ ಸಾಧನ) ಬೇಕಿಲ್ಲ. ಅರ್ಧ ದಾರಿಯವರೆಗೆ ಮೂರು ನಾಲ್ಕು ಶಬ್ದ ಒಟ್ಟಿಗೆ ಆಡಲು ಬರುವಷ್ಟು ಉಸಿರಿರಲಿ, ಕೊನೆಯ 5 ಕಿ.ಮೀ.ಯಲ್ಲಿ ಒಂದೇ ಶಬ್ದಕ್ಕೆ ಇಳಿಯಲಿ.

ಬಹಮನಿ ಗಾಲಿ, ಬೀದರ್

ಗಾಳಿಯ ಮಾತಿಗೆ ಅಂಕಿ ಸೇರಿಸುತ್ತೇನೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ನೆಟ್ಟಗೆ ಕೂತವನ ಗಾಳಿತಡೆ ವಿಸ್ತೀರ್ಣ ಸುಮಾರು 0.36 ಚದರ ಮೀಟರ್ ಎಂದುಕೊಳ್ಳಿ, ಗಾಳಿ ಕತ್ತರಿಸಲಿಕ್ಕೇ 207 ವ್ಯಾಟ್ ಬೇಕು. ಮೊಣಕೈ ಮಡಚಿ, ತಲೆ ತಗ್ಗಿಸಿ 0.30ಕ್ಕೆ ಇಳಿಸಿದರೆ 172 ವ್ಯಾಟ್. ಹಣ ಖರ್ಚಿಲ್ಲದೆ 35 ವ್ಯಾಟ್ ಉಳಿಯಿತು. ದುಬಾರಿ ಗಾಲಿ ಇಷ್ಟು ಕೊಡುವುದಿಲ್ಲ. ಅಂಗಿ ಸಡಿಲ ಇದ್ದು ಪಟಪಟ ಹೊಡೆದುಕೊಂಡರೆ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ.

ಒಂದು ಎಚ್ಚರಿಕೆ. ಟಾಪ್ ಟ್ಯೂಬ್ (ಸೀಟಿನ ಮುಂದಿನ ಅಡ್ಡ ಕೊಳವೆ) ಮೇಲೆ ಕೂತು ಇಳಿಜಾರಿನಲ್ಲಿ ಇಳಿಯುವುದು, ಆಧಾರವಿಲ್ಲದೆ ಮುಂಗೈಯನ್ನು ಹ್ಯಾಂಡಲ್ ಮೇಲೆ ಊರುವುದು, ಎರಡನ್ನೂ ಯುಸಿಐ 2021ರಲ್ಲಿ ನಿಷೇಧಿಸಿದೆ. ಹಳೆಯ ವಿಡಿಯೊ ನೋಡಿ ಹುಡುಗರು ಅನುಕರಿಸುತ್ತಾರೆ. ಕೈ ಬ್ರೇಕಿನಿಂದ ದೂರ, ಹಂಪ್ಸ್ ಬಂದರೆ ಮುಖ ರಸ್ತೆಗೆ.

ಕೆಂಪುಬಾಳೆ, ಕಮಲಾಪುರ

ಹಂಗಾದ್ರ ಟೈಮ್ ಟ್ರಯಲ್‌ಗೆ ಹಚ್ಚೋ ಜೋಡು ಕೊಂಬಿನ ಹ್ಯಾಂಡಲ್ ಬಾರ್ ಬಿಡಬೇಕೋ ಬ್ಯಾಡೋ? ನನ್ನ ಮಾತು: ಹೊಸಬರಿಗೆ ಬ್ಯಾಡ.

ಬಹಮನಿ ಗಾಲಿ, ಬೀದರ್

ಟೈಮ್ ಟ್ರಯಲ್‌ನಲ್ಲಿ ಬಿಡಬಹುದು ಅಕ್ಕಾ. ಮೊಣಕೈ ಇಡುವ ಪ್ಯಾಡ್ ಇರಬೇಕು, ಬೋಲ್ಟ್ ಬಿಗಿ ನೋಡಿರಬೇಕು, ಕಡಿಮೆಯೆಂದರೂ ಎರಡು ವಾರ ಅದರಲ್ಲಿ ಅಭ್ಯಾಸ ಆಗಿರಬೇಕು. ರೋಡ್ ರೇಸ್‌ನಲ್ಲಿ ಖಂಡಿತ ಬೇಡ, ವಿಶ್ವ ಮಟ್ಟದಲ್ಲೂ ಗುಂಪಿನ ಓಟಕ್ಕೆ ಅದು ನಿಷಿದ್ಧ. ಪೂರ್ತಿ ಮುಚ್ಚಿದ ಡಿಸ್ಕ್ ಗಾಲಿಯೂ ಟೈಮ್ ಟ್ರಯಲ್‌ಗೆ ಮಾತ್ರ. ಸೈಕಲ್ ತೂಕಕ್ಕೆ 6.8 ಕೆ.ಜಿ. ಕನಿಷ್ಠ ಮಿತಿ ಇದೆ, ನಮ್ಮ ಹುಡುಗರ ಯಾವ ಸೈಕಲ್ಲೂ ಅದರ ಹತ್ತಿರ ಹೋಗುವುದಿಲ್ಲ, ಚಿಂತೆ ಬೇಡ.

ಕೆಂಪುಬಾಳೆ, ಕಮಲಾಪುರ

ಎರಡು ವಾರ ಅಭ್ಯಾಸ ಆಗ್ಯಾದಂತ ಯಾರು ನೋಡ್ತಾರ? ಹುಡುಗರು ಹಿಂದಿನ ದಿನ ಯಾರದೋ ಬಾರ್ ಕೇಳಿ ತಂದು ಹಚ್ಚತಾರ. 14ರಿಂದ 16ರವರಿಗೆ ಪೂರಾ ಬ್ಯಾಡ, 17-18ರವರಿಗೆ ತಪಾಸಣೆದಾಗ 200 ಮೀಟರ್ ಹೊಡೆದು ತೋರಿಸಿದ್ರ ಮಾತ್ರ ಅಂತ ಇಡ್ರಿ.

ಫರಸಿಕಲ್ಲು, ಶಹಾಬಾದ್

ಅಕ್ಕಾರ ಮಾತು ಒಪ್ಪಿದೆ. ಹಂಗೇ ಬರ್ಕೋತೀನಿ. ಈಗ ಟೈರ್, ಪಂಕ್ಚರ್ ಹೇಳ್ರಿ.

ಸೊಲ್ಯೂಷನ್ ಡಬ್ಬಿ, ಶಹಾಪುರ

ನಮ್ಮ ಕಡೆ ಪಂಕ್ಚರ್ ಎಂದರೆ ಜಾಲಿ ಮುಳ್ಳು. ರಸ್ತೆ ಅಂಚಿನ ಬಿಳಿ ಗೆರೆಯಾಚೆ ಗಾಳಿಗೆ ಬಂದು ಸೇರುತ್ತದೆ. ಗೆರೆಯ ಒಳಗೇ ಒಂದಡಿ ಬಿಟ್ಟು ಓಡಿಸಲು ಹೇಳಿ. ಮುಳ್ಳು ಚುಚ್ಚಿದಾಗ ತುದಿ ಮುರಿದು ಟೈರಿನೊಳಗೇ ಉಳಿಯುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿ, ಟೈರ್ ನೋಡದೆ ಕೂರಿಸಿದರೆ ಐದು ಕಿ.ಮೀ.ಯೊಳಗೆ ಮತ್ತೆ ಗಾಳಿ ಹೋಗುತ್ತದೆ. ಟೈರಿನ ಒಳಮೈಯಲ್ಲಿ ಬಟ್ಟೆ ತುಂಡು ಒಂದು ಸುತ್ತು ಎಳೆಯಿರಿ, ಮುಳ್ಳಿದ್ದ ಕಡೆ ದಾರ ಸಿಕ್ಕಿಕೊಳ್ಳುತ್ತದೆ. ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಒತ್ತಬಾರದು, ಹೊಳಪು ಹೋಗಿ ಒಣಗುವವರೆಗೆ ನಾಲ್ಕೈದು ನಿಮಿಷ ಬಿಡಬೇಕು. ಹಸಿಯಲ್ಲೇ ಒತ್ತಿದ ಪ್ಯಾಚ್ ಬಿಸಿಲಿಗೆ ಜಾರುತ್ತದೆ.

ಟ್ಯೂಬ್‌ಲೆಸ್ ಇದ್ದವರಿಗೆ: 28 ಮಿ.ಮೀ. ಟೈರಿಗೆ 30ರಿಂದ 40 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ). ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಪೊಟ್ಟಣದ ಮೇಲಿನ ತಿಂಗಳ ಲೆಕ್ಕ ನಂಬದೆ ಐದಾರು ವಾರಕ್ಕೊಮ್ಮೆ ಗಾಲಿ ಅಲ್ಲಾಡಿಸಿ ದ್ರವದ ಸದ್ದು ಕೇಳಿ.

ಗಾಳಿ: 60 ಕೆ.ಜಿ. ಹುಡುಗನಿಗೆ 28 ಮಿ.ಮೀ. ಟೈರಿನಲ್ಲಿ 65 ಪಿಎಸ್‌ಐ ಆಸುಪಾಸು ಸಾಕು, 25 ಮಿ.ಮೀ. ಆದರೆ 80. ಕಲ್ಲಿನಂತೆ ಬಿಗಿ ಮಾಡಿದರೆ ಒರಟು ಡಾಂಬರಿನ ಮೇಲೆ ಗಾಲಿ ಕುಪ್ಪಳಿಸುತ್ತದೆ, ವೇಗ ಕಡಿಮೆ ಆಗುತ್ತದೆ. 20 ಡಿಗ್ರಿ ತಂಪಿನಲ್ಲಿ 70 ತುಂಬಿದ ಟೈರ್ 45 ಡಿಗ್ರಿಗೆ ಕಾದಾಗ 77ರ ಹತ್ತಿರ ಹೋಗುತ್ತದೆ. ಮೇ ತಿಂಗಳಲ್ಲಿ ಓಟ ಇಟ್ಟವರು ಇದನ್ನು ನೆನಪಿಡಬೇಕು, ಡಿಸೆಂಬರ್‌ನಲ್ಲಿ ಅಷ್ಟು ಸಮಸ್ಯೆ ಇಲ್ಲ.

ಸಾದಾ ಸೈಕಲ್‌ಗೆ ಸ್ಟ್ಯಾಂಡ್, ಕ್ಯಾರಿಯರ್ ಬಿಚ್ಚಿಸಿ. 44 ಹಲ್ಲಿನ ಮುಂದಿನ ಚಕ್ರ, 18ರ ಫ್ರೀವೀಲ್ ಇದ್ದರೆ ಒಂದು ಪೆಡಲ್ ಸುತ್ತಿಗೆ ಸುಮಾರು 5.4 ಮೀಟರ್, ನಿಮಿಷಕ್ಕೆ 90 ಸುತ್ತು ತಿರುಗಿಸಿದರೆ ಗಂಟೆಗೆ 29 ಕಿ.ಮೀ. ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುತ್ತದೆ. ಅತಿ ಬಿಗಿ ಇರುವ ಜಾಗದಲ್ಲಿ ಅರ್ಧ ಇಂಚು ಆಡುವಂತೆ ಹೊಂದಿಸಬೇಕು, ಇಲ್ಲದಿದ್ದರೆ ಸಡಿಲ ಕಡೆ ಬಂದಾಗ ಕಳಚುತ್ತದೆ.

ತೊಗರಿ ಕಣ, ಚಿತ್ತಾಪುರ

ಎಲ್ಲಾರೂ ಮರೆತದ್ದು ಒಂದು ಅದ. ಡಿಸೆಂಬರ್ ಅಂದ್ರ ತೊಗರಿ ರಾಶಿ ಶುರು ಆಗೋ ಹೊತ್ತು. ಒಳರಸ್ತಿ ಮ್ಯಾಲ ಹರವಿರ್ತಾರ, ಗಾಡಿ ಹಾಯ್ದು ಕಾಳು ಬಿಡಲಿ ಅಂತ. ತೊಗರಿ ಕಟಗಿ ಹಿಂದಿನ ಗೇರಿನ ಡಿರೇಲರ್‌ದಾಗ ಸಿಕ್ರ ಅದನ್ನ ಹಿಡಿದಿರೋ ಹ್ಯಾಂಗರ್ ತುಂಡು ಮುರಿದು, ಡಿರೇಲರ್ ಗಾಲಿ ಕಡ್ಡಿಯೊಳಗ ಹೋಗ್ತದ. ಒಣ ಕಾಳಿನ ಮ್ಯಾಲ ಬ್ರೇಕ್ ಹಿಡಿದ್ರ ಗಾಲಿ ನಿಲ್ಲಂಗಿಲ್ಲ. ರೈತರ ಜೋಡಿ ಜಗಳ ಮಾಡಬ್ಯಾಡ್ರಿ, ಅವರ ದುಡಿಮೆ ಅದು. ಒಂದು ವಾರ ಮೊದಲು ಆ ಊರಿಗೆ ಹೋಗಿ ಹಿರಿಯರಿಗೆ ದಿನ, ವೇಳೆ ಹೇಳಿ, ಅವತ್ತು 10 ಗಂಟೆ ಮ್ಯಾಲ ಹರವ್ರಿ ಅಂತ ಕೇಳಿಕೋರಿ. ಹಿಂದಿನ ಸಂಜೀಕ ಮತ್ತೊಮ್ಮೆ ರಸ್ತೆ ನೋಡ್ರಿ.

ಬೀದರ್ ಕಡಿ ಆ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್. ತಿರುವಿನಾಗ ಮುರುಮ ಬಿದ್ದಿರ್ತದ, ಎರಿ ಹೊಲದಿಂದ ಬಂದ ಟ್ರ್ಯಾಕ್ಟರ್ ಮಣ್ಣಿನ ಹೆಂಟಿ ಉದುರಿಸಿರ್ತದ. ಓಟದ ದಿನ ಬೆಳಿಗ್ಗೆ 6ಕ್ಕ ಎರಡು ಪೊರಕೆ ಹಿಡಿದು ಪ್ರತಿ ತಿರುವು ಗುಡಿಸ್ಲಿಕ್ಕೇ ಬೇಕು.

ಕೆಂಪುಬಾಳೆ, ಕಮಲಾಪುರ

ನೀರು, ಊಟ ನಾ ಬರೀತೀನಿ. ದೊಡ್ಡ ಓಟದಾಗ ಸವಾರರು ಗಂಟೆಗೆ 90ರಿಂದ 120 ಗ್ರಾಂ ಸಕ್ಕರೆ ಅಂಶ ತಗೋತಾರ ಅಂತ ಓದಿ ನಮ್ಮ ಹುಡುಗರಿಗೆ ತುರುಕಬ್ಯಾಡ್ರಿ. ಹೊಟ್ಟಿಗೆ ತಿಂಗಳಗಟ್ಟಲೆ ರೂಢಿ ಮಾಡಿಸಿರ್ತಾರ ಅವರು. ರೂಢಿ ಇಲ್ಲದವರಿಗೆ ಹೊಟ್ಟಿ ಉಬ್ಬತದ, ವಾಂತಿ ಆಗ್ತದ.

20 ಕಿ.ಮೀ. ಟೈಮ್ ಟ್ರಯಲ್‌ಗೆ ದಾರಿಯಾಗ ಏನೂ ತಿನ್ನೋದು ಬ್ಯಾಡ. ಹೊರಡೋ ಎರಡೂವರೆ ತಾಸು ಮೊದಲು ತಿಂದು ಮುಗಿಸಿರಬೇಕು: ಅವಲಕ್ಕಿ ಇಲ್ಲಾ ಸುಸಲಾ, ಖಾರ ಕಡಿಮಿ, ಜೋಡಿ ಮಿರ್ಚಿ ಭಜಿ ಬ್ಯಾಡ. ಜೋಳದ ರೊಟ್ಟಿ ಹಿಂದಿನ ಮಧ್ಯಾಹ್ನಕ್ಕ ಛಲೋ, ಓಟದ ಬೆಳಿಗ್ಗೆ ನಾರು ಹೆಚ್ಚಾಗ್ತದ. 40 ಕಿ.ಮೀ. ರೋಡ್ ರೇಸ್‌ಗೆ 750 ಮಿ.ಲೀ. ನೀರಿಗೆ 45 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಒಂದು ನಿಂಬಿ. ಸಕ್ಕರೆ ಇದಕ್ಕಿಂತ ಭಾಳ ಹೆಚ್ಚಾದ್ರ ನೀರು ಹೊಟ್ಟಿಯಾಗೇ ನಿಲ್ತದ. ಒಂದು ಮಾಗಿದ ಕೆಂಪುಬಾಳೆ ಅರ್ಧ ಮಾಡಿ ಜೇಬಿನಾಗ ಇಟ್ರ ಸಾಕು. ಶೇಂಗಾ ಚಿಕ್ಕಿ ಓಟ ಮುಗಿದ ಮ್ಯಾಲ ಕೊಡ್ರಿ, ಎಣ್ಣಿ ಅಂಶ ನಿಧಾನ ಅರಗ್ತದ.

ಬಾಟ್ಲಿ ಕೊಡೋ ಜಾಗ ಏರಿನ ಮ್ಯಾಲ ಇರಬೇಕು, ಇಳಿಜಾರದಾಗ ಅಲ್ಲ. ಕೊಡಾವ ರಸ್ತೆ ಎಡಕ್ಕ ನಿಂತು, ಬಾಟ್ಲಿ ಮ್ಯಾಲಿನ ತುದಿ ಎರಡು ಬೆರಳಿನಾಗ ಹಿಡಿದು, ಸವಾರ ಕೈ ಹಚ್ಚಿದ ಕೂಡ್ಲೇ ಬಿಡಬೇಕು. ಬಿಗಿ ಹಿಡಿದ್ರ ಸವಾರ ಬೀಳ್ತಾನ.

ಬಹಮನಿ ಗಾಲಿ, ಬೀದರ್

ರೋಡ್ ರೇಸ್ ಸುತ್ತಿಗೆ 8 ಕಿ.ಮೀ. ಐದು ಸಲ ಸರಿ. ನಾವು ಎಡಕ್ಕೆ ಓಡಿಸುವವರು, ಹಾಗಾಗಿ ಸುತ್ತು ಅಪ್ರದಕ್ಷಿಣವಾಗಿ ಇರಲಿ. ಎಲ್ಲ ತಿರುವೂ ಎಡಕ್ಕೇ ಬರುತ್ತದೆ, ಎದುರಿನ ವಾಹನಗಳ ಸಾಲು ದಾಟಬೇಕಿಲ್ಲ. ಪ್ರತಿ ಕೂಡುರಸ್ತೆಗೆ ಇಬ್ಬರು, ಒಬ್ಬರ ಕೈಯಲ್ಲಿ ಕೆಂಪು ಬಾವುಟ, ಒಬ್ಬರ ಕೈಯಲ್ಲಿ ಸೀಟಿ. ಪೊಲೀಸರ ಅನುಮತಿ ಕಾಗದದಲ್ಲಿ ಸುತ್ತಿನ ನಕ್ಷೆ, ರಸ್ತೆ ತಡೆಯುವ ವೇಳೆ, ಆಂಬುಲೆನ್ಸ್ ನಿಲ್ಲುವ ಜಾಗ ಮೂರೂ ಇರಬೇಕು.

ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸವಾರರ ಕಿವಿಗೆ ರೇಡಿಯೊ ಇಲ್ಲ. ತಂಡಗಳೂ ದೇಶದ ತಂಡಗಳು, ಇಡೀ ವರ್ಷ ಎದುರಾಳಿಗಳಾಗಿದ್ದವರು ಆ ಒಂದು ದಿನ ಜೊತೆ ಸವಾರರು. ಅಂತರ ತಿಳಿಯುವುದು ಬೈಕ್ ಮೇಲಿನ ಹಲಗೆಯಿಂದ. ನೀವೂ ಒಂದು ಕರಿಹಲಗೆ ಇಟ್ಟು ಮುಂದೆ ಓಡಿದವರ ನಂಬರ್, ಅಂತರ ಬರೆದು ತೋರಿಸಿ. ಹುಡುಗರು ಯೋಚಿಸಿ ಓಡಿಸಲು ಕಲಿಯುತ್ತಾರೆ. ಪೂರ್ತಿ ಒಂದು ಸುತ್ತು ಹಿಂದೆ ಬಿದ್ದು, ಮುಂದಿನ ಗುಂಪಿನ ಕೈಗೆ ಸಿಕ್ಕವರನ್ನು ಗೆರೆಯ ಬಳಿ ನಿಲ್ಲಿಸಿ, ಮುಗಿಸಿದ ಸುತ್ತಿನ ಲೆಕ್ಕದಲ್ಲಿ ಸ್ಥಾನ ಕೊಡಿ. ಅವರು ಗುಂಪಿನಲ್ಲಿ ಸೇರಿದರೆ ಕೊನೆಯ ಸ್ಪ್ರಿಂಟ್‌ನಲ್ಲಿ ಯಾರು ಯಾವ ಸುತ್ತಿನಲ್ಲಿದ್ದಾರೆ ಎಂಬುದೇ ತಿಳಿಯದು.

ಭೀಮಾ ದಂಡಿ, ಯಾದಗಿರಿ

ಹುಡುಗಿಯರನ್ನು ಹುಡುಗರ ಗುಂಪಿನಲ್ಲೇ ಬಿಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಪುರುಷ ವೃತ್ತಿಪರರ ವಿಶ್ವ ರೋಡ್ ರೇಸ್ 1927ರಲ್ಲಿ ಶುರುವಾಯಿತು, ಮಹಿಳೆಯರದು 1958ರವರೆಗೆ ಕಾಯಬೇಕಾಯಿತು. 23ರ ಒಳಗಿನ ಮಹಿಳೆಯರಿಗೆ ಪ್ರತ್ಯೇಕ ಓಟ ಸಿಕ್ಕಿದ್ದು 2025ರ ಕಿಗಾಲಿಯಲ್ಲೇ. ಅದಕ್ಕೂ ಮೊದಲು ಎಲೀಟ್ (ಅತಿ ಮೇಲಿನ ದರ್ಜೆಯ) ಓಟದೊಳಗೇ ಅವರ ಫಲಿತಾಂಶ ಹೆಕ್ಕುತ್ತಿದ್ದರು. ಹಾಗೆ ಹೆಕ್ಕಿದಾಗ ಅವರವರ ನಡುವಿನ ಓಟ ಎಂದೂ ಕಾಣುವುದಿಲ್ಲ, ಬೇರೆಯವರ ಬೆನ್ನ ಹಿಂದೆ ಕೂತವರು ಮುಂದೆ ಬರುತ್ತಾರೆ. ಹುಡುಗಿಯರ ಗುಂಪು ಎಂಟೇ ಮಂದಿ ಇರಲಿ, ಬೇರೆ ಹೊತ್ತಿನಲ್ಲಿ ಹೊರಡಿಸಿ, ಬಹುಮಾನ ಸಮ ಇಡಿ.

ಫರಸಿಕಲ್ಲು, ಶಹಾಬಾದ್

ಆಯ್ತ್ರಿ, ಹುಡುಗಿಯರ ಓಟ ಮೊದಲು 7:15ಕ್ಕ, ಅದು ಪೂರಾ ಮುಗಿದ ಮ್ಯಾಲ ಹುಡುಗರದು. ಇನ್ನೊಂದು: ಟೈಮ್ ಟ್ರಯಲ್‌ದಾಗ ಪಂಕ್ಚರ್ ಆದವರಿಗೆ ಮತ್ತೊಮ್ಮೆ ಅವಕಾಶ ಕೊಡಬೇಕಾ? 10ನೇ ಕಿ.ಮೀ. ತಿರುವಿನಾಗ ಏನು ವ್ಯವಸ್ಥೆ?

ಗಡಿಯಾರದ ಮುಳ್ಳು, ಕಲಬುರಗಿ

ಮತ್ತೊಮ್ಮೆ ಇಲ್ಲ. ದೊಡ್ಡ ಓಟದಾಗ ಹಿಂದಿನ ಕಾರಿನಿಂದ ಬ್ಯಾರೆ ಸೈಕಲ್ ಕೊಡ್ತಾರ, ಗಡಿಯಾರ ಮಾತ್ರ ನಿಲ್ಲಂಗಿಲ್ಲ. ನೀವು ತಿರುವಿನ ಹತ್ರ ಎರಡು ಅಳತಿದು ಬದಲಿ ಸೈಕಲ್ ಇಡ್ರಿ, ಯಾರಿಗೂ ಕೊಡಬಹುದು.

ತಿರುವಿಗೆ 100 ಮೀಟರ್ ಮೊದಲು ಒಬ್ಬರು ಬಾವುಟ ಬೀಸಬೇಕು. ರಸ್ತೆ ನಡುವ ಒಂದೇ ಕೋನ್ ಇಡಬ್ಯಾಡ್ರಿ, ಮೂರು ಕೋನ್ ಸಾಲಾಗಿ ಇಡ್ರಿ, ಇಲ್ಲಾಂದ್ರ ಕೋನ್ ಬಿದ್ದಾಗ ಹಿಂದಿನವ ಎಲ್ಲಿ ತಿರುಗಬೇಕಂತ ತಿಳಿಯಂಗಿಲ್ಲ. ಸವಾರ ಹಗುರ ಗೇರಿಗೆ ತಿರುವಿನ ಮೊದಲೇ ಇಳಿಸಿರಬೇಕು, ತಿರುಗಿದ ಮ್ಯಾಲ ಭಾರದಾಗ ಗೇರ್ ಒತ್ತಿದ್ರ ಚೈನ್ ಬೀಳ್ತದ. ತಿರುವಿನಾಗ ನಿಂತವರು ದಾಟಿದ ಪ್ರತಿ ನಂಬರ್ ವೇಳೆ ಸಮೇತ ಬರ್ಕೋಬೇಕು. ಯಾರಾದ್ರೂ ಮೊದಲೇ ತಿರುಗಿದ್ರ ಆ ಪಟ್ಟಿಯಾಗ ಅವರ ನಂಬರ್ ಇರಂಗಿಲ್ಲ.

ಫಲಿತಾಂಶ ಗೋಡಿಗೆ ಅಂಟಿಸಿದ ಮ್ಯಾಲ ತಕರಾರಿಗೆ 15 ನಿಮಿಷ ಕೊಡ್ರಿ. ಆ ಹೊತ್ತಿನಾಗ ತಿರುವಿನ ಪಟ್ಟಿ, ಗೆರೆ ಪಟ್ಟಿ, ವಿಡಿಯೊ ಮೂರೂ ಒಂದೇ ಮೇಜಿನ ಮ್ಯಾಲ ಇರಬೇಕು. ಅದು ಮುಗಿಯೋ ತನಕ ಬಹುಮಾನ ಕೊಡಬ್ಯಾಡ್ರಿ.